ಬೆಳ್ಗೊಳ: ಊರಿಗೆ ಹೆಸರು ಕೊಟ್ಟ ಕೊಳ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಎರಡು ಬೆಟ್ಟಗಳಿವೆ. ಅವುಗಳ ನಡುವಣ ತಗ್ಗಿನಲ್ಲಿ, ಊರಿನ ಮಧ್ಯದಲ್ಲಿ, ಒಂದು ಕೊಳವಿದೆ. ಯಾತ್ರಿಕರ ದೃಷ್ಟಿ ಸಹಜವಾಗಿಯೇ ದೊಡ್ಡಬೆಟ್ಟದ ಗೊಮ್ಮಟನತ್ತ ಹೊರಳುತ್ತದೆ. ಸಂಶೋಧಕರ ದೃಷ್ಟಿ ಚಿಕ್ಕಬೆಟ್ಟದ ಶಾಸನಗಳತ್ತ ಹೊರಳುತ್ತದೆ. ಕೊಳವನ್ನು ದಾಟಿಹೋಗುವವರೇ ಹೆಚ್ಚು. ಆದರೆ ಈ ಕ್ಷೇತ್ರಕ್ಕೆ ಹೆಸರು ಬಂದುದು ಬೆಟ್ಟದಿಂದಲ್ಲ, ಮೂರ್ತಿಯಿಂದಲೂ ಅಲ್ಲ, ಈ ಕೊಳದಿಂದ. ವಿಚಿತ್ರವೆಂದರೆ, ಊರಿಗೆ ತನ್ನ ಹೆಸರನ್ನು ಕೊಟ್ಟ ಕೊಳವನ್ನು ಇಂದು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಅದೀಗ ಬರಿಯ ‘ಕಲ್ಯಾಣಿ’. ತೇರದಾಳ, ಜಮಖಂಡಿ, ಬಾದಾಮಿಗಳ ಕಡೆ ‘ಹೊಂಡ’ ಎನ್ನುವಂತೆ, ದಕ್ಷಿಣ ಕರ್ನಾಟಕದಲ್ಲಿ ಮೆಟ್ಟಿಲು ಕಟ್ಟಿದ ಯಾವ ಪುಷ್ಕರಣಿಗಾದರೂ ಸಲ್ಲುವ ಸಾಮಾನ್ಯನಾಮವದು.

ಕೊಳದ ಹುಟ್ಟನ್ನು ಕುರಿತು ಜನರಲ್ಲಿ ಪ್ರಚಲಿತವಿರುವ ಕಥೆ ಪ್ರಸಿದ್ಧವಾದುದು. ಗಂಗರ ಮಂತ್ರಿ ಚಾವುಂಡರಾಯನು ಗೊಮ್ಮಟನ ಮೂರ್ತಿಯನ್ನು ಮಾಡಿಸಿದ ಮೇಲೆ ಪ್ರಥಮ ಅಭಿಷೇಕಕ್ಕೆ ಅಣಿಯಾದನು. ಇಂಥ ಮೂರ್ತಿಯನ್ನು ತಾನು ಮಾಡಿಸಿದೆನೆಂಬ ಗರ್ವ ಅವನ ಮನಸ್ಸಿನಲ್ಲಿ ಮೂಡಿತ್ತು. ಕೊಡಗಟ್ಟಲೆ ಹಾಲು ಸುರಿದರೂ ಅದು ಮೂರ್ತಿಯ ಸೊಂಟದಿಂದ ಕೆಳಗೆ ಇಳಿಯಲಿಲ್ಲ. ಆಗ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ಒಂದಿಷ್ಟು ಹಾಲನ್ನು ತಂದಳು. ಆಕೆ ಸುರಿದ ಹಾಲು ಗೊಮ್ಮಟನ ಪಾದದವರೆಗೆ ಇಳಿದು, ಬೆಟ್ಟದ ಮೇಲಿಂದ ಹರಿದು, ಕೆಳಗಿನ ತಗ್ಗಿನಲ್ಲಿ ಬಿಳಿಯ ಕೊಳವಾಗಿ ನಿಂತಿತು. ಮುದುಕಿಯ ವೇಷದಲ್ಲಿ ಬಂದವಳು ಶಾಸನದೇವತೆ ಪದ್ಮಾವತಿಯೆಂದು ಕೆಲವರು, ಕೂಷ್ಮಾಂಡಿನಿಯೆಂದು ಕೆಲವರು ಹೇಳುತ್ತಾರೆ. ಗೊಮ್ಮಟನಿಗೆ ಎದುರಾಗಿ, ಕೈಯಲ್ಲಿ ಗುಳ್ಳಕಾಯಿ ಹಿಡಿದು ನಿಂತ ಸ್ತ್ರೀಮೂರ್ತಿಯನ್ನು ಜನ ‘ಗುಳ್ಳಕಾಯಜ್ಜಿ’ ಎಂದು ಕರೆದು ಕೈಮುಗಿಯುತ್ತಾರೆ.

ಈ ಕಥೆಯನ್ನು ಕೊಳದ ಇತಿಹಾಸವೆಂದು ಒಪ್ಪುವುದಕ್ಕೆ ಕಾಲಗಣನೆ ಅಡ್ಡಬರುತ್ತದೆ. ಗೊಮ್ಮಟಮೂರ್ತಿಯ ಪ್ರತಿಷ್ಠೆಯ ಕಾಲ ಸಾಮಾನ್ಯವಾಗಿ ಒಪ್ಪಿರುವಂತೆ ಕ್ರಿ.ಶ. 981ರ ಆಸುಪಾಸು. ಆದರೆ ‘ಬೆಳ್ಗೊಳ’ ಎಂಬ ಹೆಸರು ಅದಕ್ಕಿಂತ ಮೂರು ಶತಮಾನಗಳಷ್ಟು ಹಿಂದೆಯೇ ಬಂಡೆಯ ಮೇಲೆ ಕಾಣಿಸಿಕೊಂಡಿದೆ. ಚಿಕ್ಕಬೆಟ್ಟದಲ್ಲಿರುವ, ಲಿಪಿಯ ಆಧಾರದಿಂದ ಸುಮಾರು ಕ್ರಿ.ಶ. 650ರದೆಂದು ನಿರ್ಣಯಿಸಲಾದ ಶಾಸನವೊಂದು ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳನ್ನು ನೆನೆದು, ಅವರಿಂದ ಏಳಿಗೆ ಹೊಂದಿದ್ದ ಧರ್ಮವು ಕ್ಷೀಣಿಸಿದಾಗ ಶಾಂತಿಸೇನ ಮುನಿಯು ಅದನ್ನು ಮತ್ತೆ ನೆಲೆಗೊಳಿಸಿದನೆಂದು ಹೇಳುತ್ತದೆ. ಆತನು ‘ವೆಳ್ಗೊಳ’ದ ಬೆಟ್ಟದ ಮೇಲೆ ಆಹಾರವನ್ನು ತೊರೆದು ದೇಹವಿಟ್ಟನೆನ್ನುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಚಾವುಂಡರಾಯನು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಇಲ್ಲಿ ‘ಬಿಳಿಯ ಕೊಳ’ವೆಂದು ಹೆಸರಾದ ನೀರಿನ ನೆಲೆ ಇತ್ತು. ಎರಡನೆಯದು, ಅಷ್ಟರಲ್ಲಿಯೇ ಆ ಹೆಸರು ಕೊಳದ ದಡವನ್ನು ದಾಟಿ ಬೆಟ್ಟವನ್ನೂ ಏರಿತ್ತು. ಬೆಟ್ಟಕ್ಕೆ ತನ್ನದೇ ಆದ ಹಳೆಯ ಹೆಸರು ಇರಲಿಲ್ಲವೆಂದಲ್ಲ, ಸುಮಾರು ಕ್ರಿ.ಶ. 600ರ ಪ್ರಸಿದ್ಧ ಸಂಸ್ಕೃತ ಶಾಸನ ಅದನ್ನು ‘ಕಟವಪ್ರ’ ಎನ್ನುತ್ತದೆ, ಕನ್ನಡ ಶಾಸನಗಳು ‘ಕಳ್ವಪ್ಪು’ ಎನ್ನುತ್ತವೆ. ಸನ್ಯಸನಕ್ಕೆ ಬಂದ ಮುನಿಗಳ ಪಾಲಿಗೆ ಅದು ಕಳ್ವಪ್ಪು. ತಗ್ಗಿನಲ್ಲಿ ಬಾಳಿದ ಜನರ ಪಾಲಿಗೆ ಬೆಳ್ಗೊಳದ ಬೆಟ್ಟ.

ಹೆಸರಿನ ರಚನೆ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರವಾದುದು. ಬೆಳ್ದಿಂಗಳು, ಬೆಳ್ಗೊಡೆ ಮೊದಲಾದ ಪದಗಳಲ್ಲಿರುವ ‘ಬೆಳ್’ ಎಂಬುದಕ್ಕೆ ಬಿಳಿ, ಹೊಳಪು ಎಂಬ ಅರ್ಥಗಳಿವೆ. ಅದಕ್ಕೆ ‘ಕೊಳ’ ಸೇರಿದಾಗ ಕಕಾರಕ್ಕೆ ಗಕಾರ ಆದೇಶವಾಗಿ ‘ಬೆಳ್ಗೊಳ’ವಾಗುತ್ತದೆ. ಏಳನೆಯ ಶತಮಾನದ ರೂಪದಲ್ಲಿ ಮೊದಲ ಅಕ್ಷರ ಬಕಾರವಲ್ಲ, ವಕಾರ. ಪದಾದಿಯ ವಕಾರವು ಬಕಾರವಾಗುವುದು ಕನ್ನಡದ ಒಂದು ಮುಖ್ಯ ಧ್ವನಿವ್ಯತ್ಯಾಸ. ತಮಿಳು ಇಂದಿಗೂ ‘ವೆಳ್’ ಎಂಬ ರೂಪವನ್ನೇ ಉಳಿಸಿಕೊಂಡಿದೆ. ‘ವೆಳ್ಗೊಳ’ ಎಂಬ ಬರಹ ಆ ವ್ಯತ್ಯಾಸ ಇನ್ನೂ ಪೂರ್ತಿ ನೆಲೆಗೊಳ್ಳದ ಕಾಲದ ಸಾಕ್ಷಿ. ಊರ ಹೆಸರೊಂದು ಇಷ್ಟು ಹಳೆಯ ಧ್ವನಿಯನ್ನು ಹೊತ್ತು ನಿಂತಿರುವಾಗ, ಆ ಹೆಸರಿಗೆ ಕಾರಣವಾದ ಕೊಳ ಇನ್ನೂ ಹಳೆಯದೆಂದು ಬೇರೆ ಹೇಳಬೇಕಾಗಿಲ್ಲ. ಎರಡು ಕಲ್ಲುಬೆಟ್ಟಗಳ ಮೇಲೆ ಬಿದ್ದ ಮಳೆ ಇಂಗದೆ ಜಾರಿ ನಡುವಣ ತಗ್ಗಿಗೆ ಬರಬೇಕು. ಮೆಟ್ಟಿಲುಗಳ ಕಟ್ಟಡ ಬರುವುದಕ್ಕೆ ಮೊದಲು ಅದು ಜೌಗುನೆಲದ ನಡುವಣ ಸಹಜವಾದ ಮಡುವಾಗಿ ಇದ್ದಿರುವ ಸಂಭವವೇ ಹೆಚ್ಚು.

ಇದೇ ಹೆಸರಿಗೆ ಇನ್ನೊಂದು ವ್ಯುತ್ಪತ್ತಿಯನ್ನೂ ಹೇಳುವುದುಂಟು. ಕೆಲವು ಶಾಸನಗಳಲ್ಲಿ ‘ಬೆಳ್ಗುಳ’, ‘ಬೆಳುಗುಳ’ ಎಂಬ ರೂಪಗಳು ಬರುತ್ತವೆ. ಅದನ್ನು ಹಿಡಿದು ‘ಬಿಳಿಯ ಗುಳ್ಳ’ ಎಂಬುದೇ ಬೆಳ್ಗುಳವಾಯಿತೆಂದೂ, ಅಜ್ಜಿಯ ಗುಳ್ಳಕಾಯಿಯೇ ಊರಿನ ಹೆಸರಿಗೆ ಮೂಲವೆಂದೂ ವಿವರಿಸುತ್ತಾರೆ. ಗುಳ್ಳವೆಂದರೆ ಬದನೆಯ ಜಾತಿ. ಉಡುಪಿಯ ಕಡೆಯ ಮಟ್ಟುಗುಳ್ಳದ ಹೆಸರಿನಲ್ಲಿ ಆ ಪದ ಇಂದಿಗೂ ಬಳಕೆಯಲ್ಲಿದೆ. ಆದರೆ ಈ ವ್ಯುತ್ಪತ್ತಿಯ ವಿರುದ್ಧ ಎರಡು ಬಲವಾದ ಸಾಕ್ಷ್ಯಗಳಿವೆ. ಅತ್ಯಂತ ಹಳೆಯ ರೂಪದಲ್ಲಿರುವುದು ‘ಗೊಳ’, ‘ಗುಳ್ಳ’ವಲ್ಲ. ಅಲ್ಲದೆ, ಶಾಸನಗಳನ್ನು ರಚಿಸಿದ ಸಂಸ್ಕೃತ ಪಂಡಿತರು ಊರ ಹೆಸರನ್ನು ಅನುವಾದಿಸಿದಾಗಲೆಲ್ಲ ‘ಧವಳಸರಸ’, ‘ಶ್ವೇತಸರೋವರ’ ಎಂದರೇ ಹೊರತು ಬದನೆಯ ಮಾತನ್ನೆತ್ತಲಿಲ್ಲ. ಸ್ಥಳನಾಮದ ಅರ್ಥ ಸಂದಿಗ್ಧವಾದಾಗ ಹಿಂದಿನವರು ಮಾಡಿದ ಅನುವಾದಕ್ಕಿಂತ ಉತ್ತಮ ನಿಘಂಟು ಬೇರೊಂದಿಲ್ಲ. 1889ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ, 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದ ಶ್ರವಣಬೆಳಗೊಳದ ಶಾಸನಸಂಪುಟಗಳಿಂದ ಈ ರೂಪಗಳೆಲ್ಲ ಒಂದೆಡೆ ದೊರೆತು, ಹೋಲಿಸಿ ನೋಡುವುದು ಸಾಧ್ಯವಾಯಿತು.

ಹಾಗಾದರೆ ಗುಳ್ಳಕಾಯಜ್ಜಿಯ ಕಥೆ ಹುಟ್ಟಿದುದು ಯಾವಾಗ? ಗೊಮ್ಮಟನ ಪಾದದ ಬಳಿಯ ಶಾಸನಗಳು ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂದಷ್ಟೇ ಹೇಳುತ್ತವೆ. ಸುಮಾರು 1180ರಲ್ಲಿ ಬೊಪ್ಪಣ ಪಂಡಿತನು ರಚಿಸಿದ ಶಾಸನಕಾವ್ಯ ಗೊಮ್ಮಟನ ಮಹಿಮೆಯನ್ನು ವಿಸ್ತಾರವಾಗಿ ಹಾಡುತ್ತದೆ. ಪೌದನಪುರದಲ್ಲಿ ಭರತನು ಮಾಡಿಸಿದ ಮೂರ್ತಿ, ಅದನ್ನು ಮುತ್ತಿದ ಕುಕ್ಕುಟಸರ್ಪಗಳು, ಚಾವುಂಡರಾಯನ ಹಂಬಲ, ಮೂರ್ತಿಯ ಮೇಲೆ ಹಕ್ಕಿ ಹಾರದ ಅತಿಶಯ ಇವೆಲ್ಲ ಅದರಲ್ಲಿವೆ. ಅಜ್ಜಿಯಿಲ್ಲ, ಹಾಲಿನ ಹೊಳೆಯಿಲ್ಲ. ಪವಾಡಗಳನ್ನು ಇಷ್ಟು ಪ್ರೀತಿಯಿಂದ ಎಣಿಸಿದ ಕವಿ ಇಂಥ ಪ್ರಸಂಗವನ್ನು ತಿಳಿದೂ ಬಿಟ್ಟನೆಂದು ಭಾವಿಸುವುದು ಕಷ್ಟ.

ಶಾಸನಗಳು ಪವಾಡಗಳನ್ನು ಹೇಳಲು ಹಿಂಜರಿಯುತ್ತಿದ್ದವು ಎಂದು ಇದಕ್ಕೆ ಸಮಾಧಾನ ಹೇಳುವಂತಿಲ್ಲ. ತೇರದಾಳದ ನೇಮಿನಾಥ ಬಸದಿಯ ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1123ರಲ್ಲಿ ಆ ಬಸದಿಯನ್ನು ಕಟ್ಟಿಸಿದ ಗೊಂಕನನ್ನು ಒಮ್ಮೆ ವಿಷಸರ್ಪ ಕಚ್ಚಿತೆಂದೂ, ಪಂಚಪರಮೇಷ್ಠಿಗಳ ನಾಮೋಚ್ಚಾರದಿಂದ ವಿಷವಿಳಿಯಿತೆಂದೂ ಆ ಶಾಸನವೇ ಹೇಳುತ್ತದೆ. ತೇರದಾಳದಲ್ಲಿ ಘಟನೆ, ಕಥೆ, ಕಲ್ಲು ಒಂದೇ ತಲೆಮಾರಿಗೆ ಸೇರಿದವು. ಬೆಳ್ಗೊಳದಲ್ಲಿ ಹಾಗಲ್ಲ. ಇಲ್ಲಿ ಹೆಸರು ಮೊದಲು ಬಂದಿತು, ಮೂರ್ತಿ ಆಮೇಲೆ ಬಂದಿತು, ಅವೆರಡನ್ನೂ ಬೆಸೆಯುವ ಕಥೆ ಎಲ್ಲಕ್ಕಿಂತ ಕೊನೆಗೆ ಬಂದಿತು.

ಈ ಕ್ರಮವನ್ನು ಗ್ರಹಿಸಿದರೆ ಕಥೆಯ ಉದ್ದೇಶ ಸ್ಪಷ್ಟವಾಗುತ್ತದೆ. ಗೊಮ್ಮಟನು ನಿಂತ ಮೇಲೆ ಊರಿನ ಕೀರ್ತಿಯೆಲ್ಲ ಅವನ ಸುತ್ತ ಬೆಳೆಯಿತು. ಶಾಸನಗಳು ಊರನ್ನು ‘ಗೊಮ್ಮಟಪುರ’ವೆಂದು ಕರೆಯತೊಡಗಿದವು, ‘ದೇವರ ಬೆಳ್ಗೊಳ’ವೆಂದೂ ಕರೆದವು. ಆದರೂ ಜನರ ನಾಲಗೆಯಲ್ಲಿ ಹಳೆಯ ಹೆಸರೇ ಉಳಿಯಿತು. ಊರಿಗೆ ಕೀರ್ತಿ ತಂದವನು ಗೊಮ್ಮಟ, ಹೆಸರು ಮಾತ್ರ ಕೊಳದ್ದು! ಈ ಎರಡಕ್ಕೂ ಸಂಬಂಧವೇನೆಂಬ ಪ್ರಶ್ನೆ ಭಕ್ತರಿಗೆ ಎದುರಾಗಲೇಬೇಕಿತ್ತು. ಹಾಲು ಮೂರ್ತಿಯ ತಲೆಯಿಂದ ಪಾದಕ್ಕೆ, ಪಾದದಿಂದ ಬಂಡೆಗೆ, ಬಂಡೆಯಿಂದ ತಗ್ಗಿಗೆ ಹರಿದು ಆ ಪ್ರಶ್ನೆಗೆ ಉತ್ತರ ಕೊಟ್ಟಿತು. ಕಥೆಯು ಹಳೆಯ ಕೊಳವನ್ನು ಹೊಸ ಮೂರ್ತಿಯ ಪ್ರಸಾದವನ್ನಾಗಿ ಮಾಡಿತು. ಜೊತೆಗೆ, ಮಾಡಿಸಿದವನ ಅಧಿಕಾರಕ್ಕಿಂತ ಬಡವಿಯ ಭಕ್ತಿ ದೊಡ್ಡದೆಂಬ ತೀರ್ಪನ್ನೂ ಊರಿನ ಹೆಸರಿನಲ್ಲಿ ಸೇರಿಸಿತು.

ಬಿಳುಪನ್ನು ಹಾಲೆಂದು ಕಾಣುವ ಈ ಕಲ್ಪನೆ ಹದಿನೇಳನೆಯ ಶತಮಾನದಲ್ಲಿ ಇಲ್ಲಿ ಎಷ್ಟು ಸಹಜವಾಗಿತ್ತೆಂಬುದಕ್ಕೆ ಅದೇ ಊರಿನ ಇನ್ನೊಂದು ಕೊಳ ಸಾಕ್ಷಿ ನೀಡುತ್ತದೆ. ದೊಡ್ಡಬೆಟ್ಟದ ಮೇಲೆ ಬಸದಿಯೊಂದನ್ನು ಕಟ್ಟಿಸಿದ ಚೆನ್ನಣ್ಣನು ಸುಮಾರು 1673ರಲ್ಲಿ ಊರಿನಲ್ಲಿ ಒಂದು ಕೊಳವನ್ನೂ ಮಾಡಿಸಿದನು. ಅಲ್ಲಿಯ ಶಾಸನ ದಾನಶಾಸನದ ಗಂಭೀರ ಶೈಲಿಯದಲ್ಲ. ನೀರನ್ನು ಕಂಡು ಉಬ್ಬಿದವನ ಉದ್ಗಾರ. ಇದು ಹಾಲುಗೊಳವೋ, ಅಮೃತಗೊಳವೋ, ಗಂಗೆಯೋ, ತುಂಗಭದ್ರೆಯೋ, ಬೃಂದಾವನವೋ, ಶೃಂಗಾರದ ತೋಟವೋ ಎಂದು ಅದು ಪ್ರಶ್ನೆಗಳನ್ನು ಸಾಲಾಗಿ ಕೇಳಿ, ಒಳ್ಳೆಯ ತೀರ್ಥವೆಂದು ಜಯಕಾರ ಹಾಕುತ್ತದೆ. ಕಾಗುಣಿತವೂ ಆಡುಮಾತಿನದೇ. ಒಂದೇ ಕೊಳಕ್ಕೆ ಒಂದೇ ಉಸಿರಿನಲ್ಲಿ ಇಷ್ಟು ಅಡ್ಡಹೆಸರುಗಳನ್ನಿಟ್ಟ ಶಾಸನ ಅಪರೂಪ. ಅವುಗಳಲ್ಲಿ ಮೊದಲು ಬಾಯಿಗೆ ಬಂದುದು ‘ಹಾಲುಗೊಳ’ ಎಂಬುದು ಗಮನಾರ್ಹ. ಹೊಸ ಕೊಳವನ್ನು ಹೊಗಳುವಾಗಲೂ ಊರವರಿಗೆ ಹಳೆಯ ಕೊಳದ ಬಿಳುಪೇ ಅಳತೆಗೋಲಾಗಿತ್ತು.

ಹಳೆಯ ಕೊಳ ಈಗಿನ ರೂಪವನ್ನು ಪಡೆದುದು ಅದರ ಅನಂತರ. ಉತ್ತರದ ಮಂಟಪದಲ್ಲಿರುವ ಶಾಸನ ಅದನ್ನು ಮೈಸೂರಿನ ಚಿಕ್ಕದೇವರಾಜ ಒಡೆಯನು (1672–1704) ಮಾಡಿಸಿದನೆನ್ನುತ್ತದೆ. ಸುಮಾರು 1780ರ ಅನಂತಕವಿಯ ‘ಗೊಮ್ಮಟೇಶ್ವರ ಚರಿತೆ’ ಇನ್ನಷ್ಟು ವಿವರ ಕೊಡುತ್ತದೆ: ಟಂಕಸಾಲೆಯ ಅಧಿಕಾರಿ ಅಣ್ಣಯ್ಯನ ಕೋರಿಕೆಯಂತೆ ರಾಜನು ಕೆಲಸವನ್ನು ಆರಂಭಿಸಿದನು, ಅದು ಮುಗಿಯುವ ಮೊದಲೇ ತೀರಿಕೊಂಡನು, ಅವನ ಮೊಮ್ಮಗ ಒಂದನೆಯ ಕೃಷ್ಣರಾಜ ಒಡೆಯನ ಕಾಲದಲ್ಲಿ ಅಣ್ಣಯ್ಯನು ಮೆಟ್ಟಿಲು, ಗೋಪುರ, ಮಂಟಪಗಳನ್ನು ಕಟ್ಟಿಸಿ ಪೂರ್ತಿಗೊಳಿಸಿದನು. ಸಾವಿರ ವರ್ಷಗಳಿಗೂ ಮೊದಲೇ ಊರಿಗೆ ಹೆಸರು ಕೊಟ್ಟಿದ್ದ ಕೊಳವನ್ನು ಹದಿನೇಳನೆಯ ಶತಮಾನದ ಅರಸನು ‘ಮಾಡಿಸಿದ’ನೆಂದರೆ ಜೀರ್ಣೋದ್ಧಾರ ಮಾಡಿಸಿದನೆಂದೇ ಅರ್ಥಮಾಡಿಕೊಳ್ಳಬೇಕು. ಈ ಕಟ್ಟಡದಿಂದ ಕೊಳಕ್ಕೆ ಭದ್ರವಾದ ದಡ ಬಂದಿತು. ಆದರೆ ಸುತ್ತಲೂ ಕಲ್ಲು ಕಟ್ಟಿಸಿಕೊಂಡ ನೀರು ಬೇರೆ ಊರುಗಳ ಕಲ್ಯಾಣಿಗಳಂತೆಯೇ ಒಂದು ಕಲ್ಯಾಣಿಯಾಗಿ ಕಂಡಿತು. ಅದರ ಸ್ವಂತ ಹೆಸರು ಆ ವೇಳೆಗೆ ಸಂಪೂರ್ಣವಾಗಿ ಊರಿನದಾಗಿತ್ತು.

ಇಲ್ಲಿಯ ಉಳಿದ ನೀರಿನ ನೆಲೆಗಳ ಗತಿ ಇದಕ್ಕಿಂತ ಭಿನ್ನವಾದುದು. ಕಲ್ಯಾಣಿಯ ದಕ್ಷಿಣಕ್ಕಿರುವ ಜಕ್ಕಿಕಟ್ಟೆಯ ಬಂಡೆಗಳ ಮೇಲಿನ ಶಾಸನಗಳಿಂದ, ಅದನ್ನು ಮಾಡಿಸಿದವಳು ಜಕ್ಕಿಮವ್ವೆಯೆಂದು ತಿಳಿಯುತ್ತದೆ. ಈಕೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅಣ್ಣನ ಹೆಂಡತಿ, ಬೊಪ್ಪದೇವನ ತಾಯಿ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ. ಚಿಕ್ಕಬೆಟ್ಟದ ಲಕ್ಕಿದೊಣೆಯ ಹೆಸರಿನಲ್ಲಿ ಲಕ್ಕಿ ಎಂಬ ಹೆಣ್ಣುಮಗಳು ಉಳಿದಿದ್ದಾಳೆ. ಆ ದೊಣೆಯ ಬಳಿಯ ಬಂಡೆಯ ಮೇಲೆ ಒಂಬತ್ತು-ಹತ್ತನೆಯ ಶತಮಾನಗಳ ಯಾತ್ರಿಕರು ತಮ್ಮ ಹೆಸರುಗಳನ್ನು ಕೊರೆದು ಹೋಗಿದ್ದಾರೆ. ದಾನಿಯ ಹೆಸರನ್ನು ಪಡೆದ ಈ ನೀರುಗಳು ತಮ್ಮ ಹೆಸರನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಬಣ್ಣದಿಂದ ಹೆಸರು ಪಡೆದ, ಮಾಡಿಸಿದವರಾರೆಂದು ತಿಳಿಯದ ಕೊಳ ಮಾತ್ರ ಅದನ್ನು ಊರಿಗೆ ಬಿಟ್ಟುಕೊಟ್ಟಿತು. ಜನರು ಆ ಕೊಳಕ್ಕೂ ಒಬ್ಬ ದಾನಿಯನ್ನು ಹುಡುಕಿಕೊಂಡರು. ಜಕ್ಕಿಮವ್ವೆ, ಲಕ್ಕಿಯರ ಊರಿನಲ್ಲಿ ಆ ದಾನಿಯೂ ಹೆಣ್ಣೇ ಆದುದು ಆಕಸ್ಮಿಕವಲ್ಲ.

ಆದುದರಿಂದ ಗುಳ್ಳಕಾಯಜ್ಜಿಯ ಕಥೆಯನ್ನು ಇತಿಹಾಸವೆಂದು ಉಲ್ಲೇಖಿಸುವುದೂ ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸಮನಾದ ಅವಸರ. ಹೆಸರಿನ ಪ್ರಾಚೀನತೆಗೆ ಚಿಕ್ಕಬೆಟ್ಟದ ಬಂಡೆ ಪ್ರಮಾಣ. ಆ ಹೆಸರಿಗೆ ಮುಂದಿನ ತಲೆಮಾರುಗಳು ಕೊಟ್ಟ ಅರ್ಥಕ್ಕೆ ಅಜ್ಜಿಯ ಕಥೆ ಪ್ರಮಾಣ. ಹನ್ನೆರಡು ವರ್ಷಗಳ ಅಂತರದಲ್ಲಿ ನಡೆದುಬರುತ್ತಿರುವ ಮಹಾಮಸ್ತಕಾಭಿಷೇಕವು 2018ರಲ್ಲಿ ನೆರವೇರಿದಾಗಲೂ ಲಕ್ಷಾಂತರ ಜನ ಮೂರ್ತಿಯ ಮೇಲೆ ಹಾಲಿಳಿಯುವುದನ್ನು ಕಂಡರು. ಆ ಹಾಲು ಇಳಿದು ಸೇರಿತೆಂದು ಕಥೆ ಹೇಳುವ ನೀರು ಬೆಟ್ಟದ ಬುಡದಲ್ಲಿದೆ. ಅದರ ನಿಜವಾದ ಹೆಸರನ್ನು ಊರಿನ ಹೆಸರು ಹೇಳುವವರೆಲ್ಲರೂ ದಿನವೂ ಉಚ್ಚರಿಸುತ್ತಾರೆ.