ಎರಡು ದನಿ ಬೆರೆತ ಕಥೆ

ನಮ್ಮವರ ಮನೆಗಳಲ್ಲಿ ವೀಣೆ, ಪಿಟೀಲುಗಳ ಮಗ್ಗುಲಿಗೆ ಈಗ ಎಲೆಕ್ಟ್ರಿಕ್ ಗಿಟಾರೂ ಬಂದು ಕುಳಿತಿದೆ. ಹುಡುಗರು ಅದರ ಸ್ವಿಚ್ಚನ್ನು ಅತ್ತಿತ್ತ ತಳ್ಳಿ ದನಿ ಬದಲಿಸುವುದನ್ನು ದಿನವೂ ಕೇಳುತ್ತೇವೆ. ಆ ಪುಟ್ಟ ಅನುಕೂಲಕ್ಕಾಗಿ ವಾದಕರು ಎಷ್ಟು ವರ್ಷ ಕಾದರೆಂಬುದು ಮಾತ್ರ ನಮ್ಮ ಗಮನಕ್ಕೆ ಬರುವುದಿಲ್ಲ.

ಗಿಟಾರಿನ ಕಿವಿಯೆಂದರೆ ಪಿಕಪ್. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ವೀಣೆಯವರು ಬಲ್ಲರು: ಕುದುರೆಯ ಹತ್ತಿರ ಮೀಟಿದರೆ ನಾದ ಚೂಪು, ದೂರ ಸರಿದಷ್ಟೂ ಮೃದು. ಪಿಕಪ್ ಕೂರುವ ಜಾಗಕ್ಕೂ ಇದೇ ಮಾತು. ಎರಡು ಪಿಕಪ್ಪುಗಳನ್ನು ಸಮಾಂತರವಾಗಿ ಜೋಡಿಸಿದರೆ ಕೆಲವು ಉಪಸ್ವರಗಳು ಒಂದನ್ನೊಂದು ಅಳಿಸಿ ಗಾಜಿನಂಥ ತೆಳುದನಿ ಬರುತ್ತದೆ. ಸರಣಿಯಲ್ಲಿ ಜೋಡಿಸಿದರೆ ದನಿ ದಪ್ಪ, ಜೋರು.

ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವನು. ಗಿಟಾರ್ ನುಡಿಸಲು ಬಾರದವನು ಎಂಬುದೇ ಸ್ವಾರಸ್ಯ! 1950ರಲ್ಲಿ ಆತ ತಂದ ಬ್ರಾಡ್‌ಕಾಸ್ಟರ್ ಗಿಟಾರಿನಲ್ಲಿ, ಅಂದರೆ ಮರುವರ್ಷ ಟೆಲಿಕಾಸ್ಟರ್ ಎಂದು ಹೆಸರಾದದ್ದರಲ್ಲಿ, ಬೆರಸುವ ಗುಂಡಿಯೇ ಇತ್ತು. ಸ್ವಿಚ್ಚನ್ನು ಹಿಂದಕ್ಕಿಟ್ಟು ಗುಂಡಿ ತಿರುಗಿಸಿದರೆ ಕುದುರೆಯ ಪಿಕಪ್ಪಿಗೆ ಕತ್ತಿನ ಪಿಕಪ್ಪು ಬೇಕಾದಷ್ಟು ಸೇರುತ್ತಿತ್ತು. 1952ರಲ್ಲಿ ಆ ಗುಂಡಿಯನ್ನು ಬರಿಯ ಟೋನ್ ಗುಂಡಿಯಾಗಿಸಿದರು. ಆಮೇಲೆ 1967ರವರೆಗೆ ಸ್ವಿಚ್ಚಿನ ಮೂರು ಸ್ಥಾನಗಳಲ್ಲಿ ಒಂದರಲ್ಲೂ ಎರಡು ಪಿಕಪ್ಪು ಕೂಡಲಿಲ್ಲ. ಕೈಯಲ್ಲಿದ್ದುದನ್ನು ತಾವೇ ಕಳೆದದ್ದು ನಮಗಂತೂ ವಿಚಿತ್ರವಾಗಿ ಕಾಣುತ್ತದೆ. ಅದೇ 1952ರಲ್ಲಿ ಬಂದ ಗಿಬ್ಸನ್ನರ ಲೆಸ್ ಪಾಲ್ ಗಿಟಾರಿನಲ್ಲಿ ಸ್ವಿಚ್ಚು ನಡುವಿಗಿದ್ದರೆ ಎರಡೂ ನುಡಿಯುತ್ತಿದ್ದವು. ಆದರೆ ಆ ಸ್ಥಾನದಲ್ಲಿ ಒಂದರ ವಾಲ್ಯೂಮನ್ನು ಪೂರ್ತಿ ಇಳಿಸಿದರೆ ಇನ್ನೊಂದೂ ಮೂಕ!

1954ರ ಸ್ಟ್ರಾಟೋಕಾಸ್ಟರಿಗೆ ಮೂರು ಪಿಕಪ್ಪು, ಮೂರು ಸ್ಥಾನದ ಸ್ವಿಚ್ಚು. ಒಂದು ಸಲಕ್ಕೆ ಒಂದೇ ಪಿಕಪ್ಪು ಎಂಬುದು ತಯಾರಕರ ಲೆಕ್ಕ. ವಾದಕರ ಕಿವಿ ಬೇರೆ ಹೇಳಿತು. ಸ್ವಿಚ್ಚು ಒಂದು ಸ್ಥಾನದಿಂದ ಇನ್ನೊಂದಕ್ಕೆ ಜಾರುವಾಗ, ನಡುವೆ ಅರೆಗಳಿಗೆ ಅಕ್ಕಪಕ್ಕದ ಎರಡು ಪಿಕಪ್ಪುಗಳೂ ತಗಲುತ್ತವೆ. ಆಗ ಹೊರಡುವ ದನಿ ಬಾತುಕೋಳಿಯ ಕೂಗಿನಂತೆ ಮೂಗಿನಲ್ಲಿ ಆಡಿದರೂ ಬಲು ಮುದ್ದು. ನುಡಿಸುವವರು ಸ್ವಿಚ್ಚನ್ನು ನಾಜೂಕಾಗಿ ನಡುವೆಯೇ ನಿಲ್ಲಿಸತೊಡಗಿದರು. ಕೊಂಚ ಕೈ ತಗುಲಿದರೆ ಅದು ಮತ್ತೆ ಜಾರುತ್ತಿತ್ತು. ಕಾರ್ಖಾನೆ ತಾನಾಗಿ ಐದು ಸ್ಥಾನದ ಸ್ವಿಚ್ಚು ಕೂಡಿಸಿದ್ದು 1977ರಲ್ಲಿ, ಅಂದರೆ 23 ವರ್ಷಗಳ ಮೇಲೆ. ಅಷ್ಟರಲ್ಲಿ ಫೆಂಡರ್ ತನ್ನ ಕಂಪನಿಯನ್ನು ಸಿ.ಬಿ.ಎಸ್. ಸಂಸ್ಥೆಗೆ ಮಾರಿ 12 ವರ್ಷವಾಗಿತ್ತು.

ಮುಂದೆ ನಡುವಿನ ಪಿಕಪ್ಪನ್ನು ತಿರುವುಮುರುವಾಗಿ ಸುತ್ತಿ, ಅದರ ಅಯಸ್ಕಾಂತದ ಧ್ರುವವನ್ನೂ ಬದಲಿಸಿದರು. ಹೀಗೆ ಮಾಡಿದಾಗ ದನಿ ಬೆರೆಯುತ್ತದೆ, ಎರಡು ಸುರುಳಿಗಳ ಗುಂಯ್‌ಗುಡುವಿಕೆ ಮಾತ್ರ ಪರಸ್ಪರ ವಜಾ ಆಗುತ್ತದೆ.

ಇಷ್ಟಾದರೂ ಐದು ಸ್ಥಾನದ ಮಾಮೂಲು ಸ್ವಿಚ್ಚಿನಲ್ಲಿ ಕತ್ತಿನ ಹಾಗೂ ಕುದುರೆಯ ಪಿಕಪ್ಪುಗಳು ಜೊತೆಗೂಡುವುದಿಲ್ಲ. ಅದಕ್ಕೆ ಇಂದಿಗೂ ಆಸಕ್ತರು ಬೆಸುಗೆ ಕಡ್ಡಿ ಹಿಡಿಯುತ್ತಾರೆ. ಕೆಲವರು ಪುಟ್ಟ ಸ್ವಿಚ್ಚೊಂದನ್ನು ಸೇರಿಸುತ್ತಾರೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರರ ಕಪ್ಪು ಗಿಟಾರಿನಲ್ಲಿ ಇದ್ದದ್ದು ಅಂಥದೇ. ಇನ್ನು ಕೆಲವರು ಒಂದು ಟೋನ್ ಗುಂಡಿಯನ್ನು ಬಿಟ್ಟುಕೊಟ್ಟು ಅಲ್ಲಿ ಬೆರಸುವ ಗುಂಡಿ ಕೂರಿಸುತ್ತಾರೆ, 1950ರಲ್ಲಿ ಇದ್ದ ಹಾಗೆಯೇ.