ಹಲ್ಲಿಲ್ಲದ ಗೇರ್: ಇಳಕಲ್ ಯಂತ್ರಗಳಿಗೆ ಒಗ್ಗೀತೆ?

ಬಾಗಲಕೋಟೆ: ಇಳಕಲ್‌ನಲ್ಲಿ ಕೆಂಪು ಗ್ರಾನೈಟ್ ಕೊಯ್ದು ಹೊಳಪು ನೀಡುವ ಘಟಕಗಳಿರಲಿ, ಬಾಗಲಕೋಟೆಯ ಸಿಮೆಂಟ್ ಉದ್ಯಮವಿರಲಿ, ಮುಧೋಳ-ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳಿರಲಿ, ವೇಗವಾಗಿ ತಿರುಗುವ ಮೋಟಾರನ್ನು ನಿಧಾನವಾದ ಭಾರಿ ಕೆಲಸಕ್ಕೆ ಒಗ್ಗಿಸುವುದು ಗೇರ್‌ಬಾಕ್ಸ್. ಅದರೊಳಗಿನ ಹಲ್ಲುಗಳು ದೂಳಿಗೆ ಸವೆಯುತ್ತವೆ, ಸದಾ ಎಣ್ಣೆ ಬೇಡುತ್ತವೆ, ಭಾರ ಮಿತಿ ಮೀರಿದರೆ ಮುರಿಯುತ್ತವೆ. ಒಂದು ಹಲ್ಲು ಮುರಿದರೂ ಯಂತ್ರ ನಿಲ್ಲುತ್ತದೆ; ಅದರೊಂದಿಗೆ ಅಂದಿನ ದುಡಿಮೆಯೂ ನಿಲ್ಲುತ್ತದೆ. ಹಲ್ಲುಗಳೇ ಇಲ್ಲದೆ, ಚಕ್ರಗಳು ಪರಸ್ಪರ ಮುಟ್ಟದೆ ಬಲ ಸಾಗಿಸುವ ಮ್ಯಾಗ್ನೆಟಿಕ್ ಗೇರ್ ಈ ತೊಂದರೆಗೆ ಉತ್ತರವಾಗಬಲ್ಲದು. ಆದರೆ ಎಲ್ಲ ಕೆಲಸಕ್ಕೂ ಅಲ್ಲ.

ಶತಮಾನದ ಕಲ್ಪನೆ

ಆಯಸ್ಕಾಂತದಿಂದ ಬಲ ಸಾಗಿಸುವ ಸಾಧನಕ್ಕೆ ಅಮೆರಿಕದಲ್ಲಿ 1901ರಲ್ಲಿಯೇ ಆರ್ಮ್‌ಸ್ಟ್ರಾಂಗ್ ಎಂಬುವರು ಪೇಟೆಂಟ್ ಪಡೆದಿದ್ದರು. 1941ರಲ್ಲಿ ಫೌಸ್ ಎಂಬುವರು ಹಲ್ಲುಗಳ ಜಾಗದಲ್ಲಿ ಆಯಸ್ಕಾಂತಗಳನ್ನಿಟ್ಟ ಗೇರ್‌ಗೆ ಪೇಟೆಂಟ್ ಪಡೆದರು. ಅಂದಿನ ಆಯಸ್ಕಾಂತಗಳು ದುರ್ಬಲವಾಗಿದ್ದವು. ಅಕ್ಕಪಕ್ಕ ಇಟ್ಟ ಎರಡು ಚಕ್ರಗಳಲ್ಲಿ ಎದುರುಬದುರಾಗುವ ಕೆಲವು ಆಯಸ್ಕಾಂತಗಳಷ್ಟೇ ಕೆಲಸಕ್ಕೆ ಬರುತ್ತಿದ್ದವು. ಹೀಗಾಗಿ ಈ ಸಾಧನ ಉದ್ಯಮದಲ್ಲಿ ನೆಲೆಯೂರಲಿಲ್ಲ.

1980ರ ದಶಕದಲ್ಲಿ ನಿಯೋಡೈಮಿಯಂ-ಕಬ್ಬಿಣ-ಬೋರಾನ್ ಮಿಶ್ರಣದ ಪ್ರಬಲ ಆಯಸ್ಕಾಂತಗಳು ಬಂದವು. 2001ರಲ್ಲಿ ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಅತಲ್ಲಾ ಮತ್ತು ಹೋವ್ ಎಲ್ಲ ಆಯಸ್ಕಾಂತಗಳೂ ಏಕಕಾಲಕ್ಕೆ ದುಡಿಯುವ ವಿನ್ಯಾಸವನ್ನು ವಿವರಿಸಿದ ಪ್ರಬಂಧ ಪ್ರಕಟಿಸಿದರು. ಇಂದಿನ ಹೆಚ್ಚಿನ ಸಂಶೋಧನೆಗೆ ಅದೇ ತಳಹದಿ.

ಕೆಲಸ ಮಾಡುವ ಬಗೆ

ಒಂದರೊಳಗೊಂದು ಕೂರಿಸಿದ ಮೂರು ಉಂಗುರಗಳನ್ನು ಊಹಿಸಿಕೊಳ್ಳಬಹುದು. ಒಳ ಉಂಗುರದಲ್ಲಿ ಕಡಿಮೆ, ಹೊರ ಉಂಗುರದಲ್ಲಿ ಹೆಚ್ಚು ಆಯಸ್ಕಾಂತಗಳಿರುತ್ತವೆ. ನಡುವಿನ ಉಂಗುರದಲ್ಲಿ ಆಯಸ್ಕಾಂತಗಳಿಲ್ಲ. ಅಂತರ ಬಿಟ್ಟು ಜೋಡಿಸಿದ ಉಕ್ಕಿನ ತುಂಡುಗಳಿರುತ್ತವೆ. ಒಳ ಉಂಗುರ ತಿರುಗಿದಾಗ ಅದರ ಕಾಂತಕ್ಷೇತ್ರ ಈ ತುಂಡುಗಳ ಮೂಲಕ ಹಾಯುತ್ತ ರೂಪ ಬದಲಿಸುತ್ತದೆ. ಹೊರಗಿನ ಆಯಸ್ಕಾಂತಗಳಿಗೆ ಹೊಂದುವ, ನಿಧಾನವಾಗಿ ಸುತ್ತುವ ಕ್ಷೇತ್ರ ಅಲ್ಲಿ ಮೂಡಿ ಹೊರ ಉಂಗುರವನ್ನು ಎಳೆದೊಯ್ಯುತ್ತದೆ.

ಇದಕ್ಕೊಂದು ಸರಳ ಲೆಕ್ಕವಿದೆ. ಒಳಗಿನ ಮತ್ತು ಹೊರಗಿನ ಧ್ರುವ ಜೋಡಿಗಳನ್ನು ಕೂಡಿದರೆ ಬರುವ ಸಂಖ್ಯೆಯಷ್ಟು ಉಕ್ಕಿನ ತುಂಡುಗಳಿರಬೇಕು. ಒಳಗೆ 4 ಜೋಡಿ, ಹೊರಗೆ 22 ಜೋಡಿ ಇದ್ದರೆ ತುಂಡುಗಳು 26. ತುಂಡುಗಳನ್ನು ಅಲುಗಾಡದಂತೆ ನಿಲ್ಲಿಸಿದಾಗ ವೇಗ 22 ಭಾಗಿಸು 4, ಅಂದರೆ 5.5 ಪಟ್ಟು ತಗ್ಗುತ್ತದೆ. ನಿಮಿಷಕ್ಕೆ 1,430 ಸುತ್ತು ತಿರುಗುವ ಮೋಟಾರ್ ಜೋಡಿಸಿದರೆ ಹೊರ ಉಂಗುರ ವಿರುದ್ಧ ದಿಕ್ಕಿನಲ್ಲಿ 260 ಸುತ್ತು ತಿರುಗುತ್ತದೆ. ಅಲ್ಪಸ್ವಲ್ಪ ನಷ್ಟ ಕಳೆದರೆ ತಿರುಗುಬಲ ಅಷ್ಟೇ ಪಟ್ಟು ಹೆಚ್ಚುತ್ತದೆ.

ಮೋಟಾರಿನೊಳಗೇ ಗೇರ್

ಇದರ ಮುಂದಿನ ಹೆಜ್ಜೆ ಮೋಟಾರ್ ಮತ್ತು ಗೇರ್ ಎರಡನ್ನೂ ಒಂದೇ ಕವಚದಲ್ಲಿ ಬೆಸೆಯುವುದು. ಇದರ ಒಂದು ವಿನ್ಯಾಸದಲ್ಲಿ ಹೊರ ಆಯಸ್ಕಾಂತಗಳನ್ನು ತಾಮ್ರದ ಸುರುಳಿ ಇರುವ ಸ್ಟೇಟರಿನ ಒಳಮೈಗೆ ಅಂಟಿಸಲಾಗುತ್ತದೆ. ಸುರುಳಿಯ ವಿದ್ಯುತ್ ಒಳ ಉಂಗುರವನ್ನು ವೇಗವಾಗಿ ತಿರುಗಿಸುತ್ತದೆ. ನಡುವಿನ ಉಕ್ಕಿನ ಉಂಗುರ ನಿಧಾನವಾಗಿ, ಹೆಚ್ಚಿನ ಬಲದಿಂದ ತಿರುಗಿ ಯಂತ್ರವನ್ನು ನಡೆಸುತ್ತದೆ. ಹಿಂದಿನ ಉದಾಹರಣೆಯ ಸಂಖ್ಯೆಗಳೇ ಇದ್ದರೆ ಇಲ್ಲಿ ಅನುಪಾತ 26 ಭಾಗಿಸು 4, ಅಂದರೆ 6.5. ಗಾಳಿಯಂತ್ರ, ಹಡಗು ಮತ್ತು ವಿದ್ಯುತ್ ವಾಹನಗಳಿಗಾಗಿ ವಿದೇಶಗಳಲ್ಲಿ ಈ ಬಗೆಯ ಮೋಟಾರುಗಳ ಪ್ರಯೋಗ ನಡೆದಿದೆ.

ಜಾರುವುದೇ ಗುಣ, ಜಾರುವುದೇ ದೋಷ

ಗ್ರಾನೈಟ್ ಹಲಗೆಗೆ ಹೊಳಪು ನೀಡುವಾಗ ಯಂತ್ರ ಸಿಕ್ಕಿಕೊಂಡಿತೆನ್ನಿ. ಹಲ್ಲಿನ ಗೇರ್‌ನಲ್ಲಿ ಪೆಟ್ಟು ನೇರವಾಗಿ ಹಲ್ಲಿಗೆ ಬೀಳುತ್ತದೆ. ಮ್ಯಾಗ್ನೆಟಿಕ್ ಗೇರ್ ಮಾತ್ರ ತನ್ನ ಮಿತಿ ದಾಟಿದೊಡನೆ ಹಿಡಿತ ಬಿಟ್ಟು ಜಾರುತ್ತದೆ; ಏನೂ ಮುರಿಯುವುದಿಲ್ಲ. ಮೋಟಾರ್ ನಿಲ್ಲಿಸಿ, ಅಡ್ಡಿ ತೆಗೆದು ಮತ್ತೆ ಆರಂಭಿಸಿದರೆ ಕೆಲಸ ಮುಂದುವರಿಯುತ್ತದೆ.

ಇದೇ ಗುಣ ಕ್ವಾರಿಯಲ್ಲಿ ಟನ್‌ಗಟ್ಟಲೆ ತೂಗುವ ಬಂಡೆ ಎತ್ತುವ ಕ್ರೇನ್‌ನಲ್ಲಿ ಅಪಾಯಕಾರಿ. ಅಲ್ಲಿ ಹಿಡಿತ ಜಾರಿದರೆ ಬಂಡೆ ಕೆಳಗಿದ್ದವರ ಮೇಲೆ ಬೀಳುತ್ತದೆ. ಪ್ರತ್ಯೇಕ ಬ್ರೇಕ್ ಇಲ್ಲದೆ ಅಂಥ ಕಡೆ ಇದನ್ನು ಬಳಸುವಂತಿಲ್ಲ. ಬಾದಾಮಿ, ಹುನಗುಂದ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿ ಇಳಿಬಿಡುವ ಸಬ್‌ಮರ್ಸಿಬಲ್ ಪಂಪುಗಳಿಗಂತೂ ಇದರ ಅಗತ್ಯವೇ ಇಲ್ಲ. ಅಲ್ಲಿ ಮೋಟಾರ್ ನೇರವಾಗಿ ಪಂಪಿಗೆ ಜೋಡಣೆಗೊಂಡಿರುತ್ತದೆ.

ಕಲ್ಲಿನ ಘಟಕಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಗ್ಯಾಂಗ್‌ಸಾ ವಿಧಾನದಲ್ಲಿ ಕಲ್ಲು ಕೊಯ್ಯಲು ನೀರಿನೊಂದಿಗೆ ಉಕ್ಕಿನ ಸಣ್ಣ ಹರಳುಗಳನ್ನು ಬಳಸಲಾಗುತ್ತದೆ. ಕವಚದಲ್ಲಿ ಬಿರುಕಿದ್ದರೆ ಆ ಪುಡಿಯನ್ನು ಆಯಸ್ಕಾಂತ ಸೆಳೆದುಕೊಂಡು ಉಂಗುರಗಳ ನಡುವಿನ ಕಿರಿದಾದ ಅಂತರವನ್ನು ಮುಚ್ಚುತ್ತದೆ. ಹಲ್ಲಿಗೆ ಎಣ್ಣೆ ಬೇಡವಾದರೂ ಬೇರಿಂಗ್‌ಗೆ ಗ್ರೀಸ್ ಬೇಕೇ ಬೇಕು ಎಂಬುದನ್ನೂ ಮರೆಯುವಂತಿಲ್ಲ.

ಬಿಸಿಲು ಮತ್ತು ಬೆಲೆ

ನಿಯೋಡೈಮಿಯಂ ಆಯಸ್ಕಾಂತದ ಸಾಮಾನ್ಯ ದರ್ಜೆಗಳು ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ತಾಳುತ್ತವೆ. ಬೇಸಿಗೆಯಲ್ಲಿ ಹೊರಗಿನ ತಾಪಮಾನವೇ 40 ಡಿಗ್ರಿ ದಾಟುವ ಬಾಗಲಕೋಟೆಯಂಥ ಜಿಲ್ಲೆಯಲ್ಲಿ, ಯಂತ್ರದೊಳಗಿನ ಶಾಖವೂ ಸೇರಿದರೆ ಉಳಿಯುವ ಅವಕಾಶ ಕಡಿಮೆ. ಹೆಚ್ಚು ಶಾಖ ತಾಳುವ ದರ್ಜೆಗಳಿಗೆ ಡಿಸ್ಪ್ರೋಸಿಯಂನಂಥ ದುಬಾರಿ ಲೋಹ ಸೇರಿಸಬೇಕಾಗುತ್ತದೆ.

ಈ ಆಯಸ್ಕಾಂತಗಳ ಜಾಗತಿಕ ತಯಾರಿಕೆಯಲ್ಲಿ ಸಿಂಹಪಾಲು ಚೀನಾದ್ದು. 2025ರ ಏಪ್ರಿಲ್‌ನಲ್ಲಿ ಆ ದೇಶ ಕೆಲವು ವಿರಳ ಭೂಲೋಹಗಳು ಮತ್ತು ಅವುಗಳ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಭಾರತದ ವಾಹನ ಉದ್ಯಮಕ್ಕೂ ಬಿಸಿ ತಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ವರ್ಷಕ್ಕೆ 6,000 ಟನ್ ಆಯಸ್ಕಾಂತ ತಯಾರಿಕೆಯ ಗುರಿಯೊಂದಿಗೆ 7,280 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು.

ಸದ್ಯದ ಲೆಕ್ಕದಲ್ಲಿ ಸಣ್ಣ ಘಟಕದ ಮಾಲೀಕರಿಗೆ ಹಲ್ಲಿನ ಗೇರ್‌ಬಾಕ್ಸೇ ಅಗ್ಗ. ಅದನ್ನು ದುರಸ್ತಿ ಮಾಡಬಲ್ಲ ಕೈಗಳೂ ಹತ್ತಿರದಲ್ಲಿವೆ. ಮ್ಯಾಗ್ನೆಟಿಕ್ ಗೇರ್ ತನ್ನ ಬೆಲೆಗೆ ತಕ್ಕ ಲಾಭ ತರಬಲ್ಲದ್ದು ಯಂತ್ರ ಪದೇ ಪದೇ ಸಿಕ್ಕಿಕೊಳ್ಳುವ, ಎಣ್ಣೆ ಸೋರಬಾರದ, ನಿಂತರೆ ನಷ್ಟ ಹೆಚ್ಚುವ ಕಡೆಗಳಲ್ಲಿ. ಗೇರ್‌ಬಾಕ್ಸ್ ವರ್ಷಕ್ಕೆ ಎಷ್ಟು ಬಾರಿ ಕೆಟ್ಟಿತು, ಎಷ್ಟು ದಿನ ಕೆಲಸ ನಿಂತಿತು ಎಂಬುದನ್ನು ಇಂದಿನಿಂದಲೇ ದಾಖಲಿಸಿಡುವ ಮಾಲೀಕರಿಗೆ, ದೇಶೀಯ ಆಯಸ್ಕಾಂತ ಮಾರುಕಟ್ಟೆಗೆ ಬಂದ ದಿನ ತೀರ್ಮಾನ ಕಷ್ಟವಾಗದು.