ವೇಗದ ಪರಿಣಾಮವೋ, ಪಿನ್ನಿನ ಸವೆತವೋ? ಅಲ್ಯುಮಿನಿಯಂ ಕಾಂಪೋಸಿಟ್‌ಗಳ ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್‌ನಲ್ಲಿ ಪ್ರಯೋಗದ ಸರದಿ

ಅಲ್ಯುಮಿನಿಯಂ ಕಾಂಪೋಸಿಟ್‌ಗಳನ್ನು ಕರಗಿಸಿ ಬೆಸೆಯುವುದು ಕಷ್ಟ ಎಂಬ ಬಗ್ಗೆ ವಿವಾದವಿಲ್ಲ. ಕರಗಿದ ಅಲ್ಯುಮಿನಿಯಂ, ಅದಕ್ಕೆ ಬೆರೆಸಿದ ಗಡಸು ಸಿಲಿಕಾನ್ ಕಾರ್ಬೈಡ್ ಕಣಗಳೊಡನೆ ಸೇರಿ ಅಲ್ಯುಮಿನಿಯಂ ಕಾರ್ಬೈಡ್ ಆಗುತ್ತದೆ. ಅದು ಪೆಡಸು, ತೇವ ತಗುಲಿದರೆ ಕೆಡುತ್ತದೆ. 1991ರಲ್ಲಿ ಇಂಗ್ಲೆಂಡಿನ ಟಿಡಬ್ಲ್ಯುಐ ಸಂಸ್ಥೆಯಲ್ಲಿ ರೂಪುಗೊಂಡ ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್ ಲೋಹವನ್ನು ಕರಗಿಸದೆ ಮೆದುವಾಗಿಸಿ ಕಲಕುವುದರಿಂದ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ತಿರುಗುವ ಟೂಲಿನ ಅಗಲವಾದ ಶೋಲ್ಡರ್ ಶಾಖ ಕೊಡುತ್ತದೆ, ಅದರ ತುದಿಯ ಪಿನ್ ಕಲಕುತ್ತದೆ. ಸುತ್ತುವೇಗ ಹೆಚ್ಚಿದರೆ ಅಥವಾ ಫೀಡ್ (ಟೂಲ್ ಮುಂದೆ ಸಾಗುವ ವೇಗ) ತಗ್ಗಿದರೆ ಬೆಸುಗೆ ಹೆಚ್ಚು ಬಿಸಿಯಾಗುತ್ತದೆ. ಇಷ್ಟು ಸರ್ವಸಮ್ಮತ.

ಒಪ್ಪಲಾಗದ್ದು ಇದರ ಮುಂದಿನ ಮಾತು. ಬೆಸುಗೆಯ ಬಲವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಸುತ್ತುವೇಗ, ಅದರ ನಂತರ ಫೀಡ್ ಎಂದು ಕೆಲವೇ ಪ್ರಯೋಗಗಳಲ್ಲಿ ಹಲವು ಸೆಟ್ಟಿಂಗ್‌ಗಳನ್ನು ಪರೀಕ್ಷಿಸುವ ಟಾಗುಚಿ ಕೋಷ್ಟಕಗಳ, ಸಾಮಾನ್ಯವಾಗಿ ಒಂಬತ್ತು ಬೆಸುಗೆಗಳ ಎಲ್-9ರ, ಆಧಾರದ ಮೇಲೆ ಅನೇಕ ವರದಿಗಳು ಶೇಕಡಾವಾರು ಲೆಕ್ಕ ಕೊಟ್ಟು ಹೇಳುತ್ತವೆ. ಆದರೆ ಆ ಒಂಬತ್ತು ಬೆಸುಗೆಗಳನ್ನು ಯಾವ ಸರದಿಯಲ್ಲಿ ಹಾಕಲಾಯಿತು, ಒಂದೇ ಟೂಲ್ ಬಳಸಲಾಯಿತೇ ಎಂಬುದು ಅವುಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಇದು ಸಣ್ಣ ಲೋಪವಲ್ಲ. ಎಲ್-9 ಕೋಷ್ಟಕದ ಮೊದಲ ಕಂಬದಲ್ಲಿ ಮಟ್ಟಗಳು 1,1,1,2,2,2,3,3,3 ಎಂದು ಬರುತ್ತವೆ; ಸುತ್ತುವೇಗವನ್ನು ಕೂರಿಸುವುದು ವಾಡಿಕೆಯಾಗಿ ಅಲ್ಲೇ, ಫೀಡನ್ನು ಎರಡನೆಯದರಲ್ಲಿ, ಒತ್ತುಬಲವನ್ನು ಮೂರನೆಯದರಲ್ಲಿ. ಕಾಂಪೋಸಿಟಿನ ಗಡಸು ಕಣಗಳು ಪಿನ್ನನ್ನು ಸವೆಸುವುದರಿಂದ, ಒಂದೇ ಟೂಲಿನಿಂದ ಕೋಷ್ಟಕದ ಸಾಲಿನಂತೆಯೇ ಬೆಸೆಯುತ್ತ ಹೋದರೆ ಕಡಿಮೆ ವೇಗದ ಮೂರೂ ಬೆಸುಗೆಗಳು ಹೊಸ ಪಿನ್ನಿಗೆ ಸಿಗುತ್ತವೆ, ಹೆಚ್ಚು ವೇಗದ ಮೂರೂ ಸವೆದ ಪಿನ್ನಿಗೆ. ಸವೆತದಿಂದ ಬಲವು ಬೆಸುಗೆಯಿಂದ ಬೆಸುಗೆಗೆ ಒಂದೇ ಸಮನೆ ಇಳಿಯುತ್ತದೆಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ಆ ಇಳಿತದ ವರ್ಗಮೊತ್ತದಲ್ಲಿ 54/60, ಅಂದರೆ ಶೇ. 90, ಮೊದಲ ಕಂಬದ ಖಾತೆಗೆ ಜಮೆಯಾಗುತ್ತದೆ. ಎರಡನೆಯದಕ್ಕೆ ಶೇ. 10, ಮೂರನೆಯದಕ್ಕೆ ಸೊನ್ನೆ. ಮೂರು ಸೆಟ್ಟಿಂಗ್‌ಗಳಿಗೂ ಬಲದ ಮೇಲೆ ಯಾವ ಪ್ರಭಾವವಿಲ್ಲದಿದ್ದರೂ ಸುತ್ತುವೇಗ ಮೊದಲು, ಫೀಡ್ ಎರಡನೆಯದು ಎಂಬ ಅದೇ ಶ್ರೇಣಿ ಮೂಡಿಬರುತ್ತದೆ.

ಹೀಗಾಗಿ, ಉಕ್ಕಿನ ಟೂಲ್ ಬಳಸಿದ ಕಾಂಪೋಸಿಟ್ ಅಧ್ಯಯನಗಳಲ್ಲಿ ಸುತ್ತುವೇಗದ್ದೆಂದು ಎಣಿಸಿದ ಪರಿಣಾಮದ ಒಂದು ಪಾಲು ವಾಸ್ತವವಾಗಿ ಸವೆತದ್ದಿರಬಹುದು. 'ಇರಬಹುದು' ಎಂಬುದನ್ನು ಒತ್ತಿಯೇ ಹೇಳುತ್ತೇನೆ. ಶೇ. 20 ಅಲ್ಯುಮಿನಾ ಬೆರೆತ 6061 ಅಲ್ಯುಮಿನಿಯಂ ಮಿಶ್ರಲೋಹದ ಮೇಲೆ ಪ್ರಾಡೋ, ಮರ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದಂತೆ, ತಿರುಪಿನ ಮರೆಯುಳ್ಳ ಉಕ್ಕಿನ ಪಿನ್ ಸವೆದು ಸವೆದು ಒಂದು ಸ್ಥಿರ ಆಕಾರಕ್ಕೆ ಬರುತ್ತದೆ, ಅಲ್ಲಿಂದಾಚೆಗೆ ಸವೆತ ಬಹುತೇಕ ನಿಲ್ಲುತ್ತದೆ. ಆಗ ಇಳಿತ ಒಂದೇ ಸಮನೆ ಇರದು, ಪಾಲು ಬದಲಾಗಿ ಮೂರನೆಯ ಕಂಬಕ್ಕೂ ಸೋರುತ್ತದೆ. ಸವೆತವೇ ಸುತ್ತುವೇಗ, ಫೀಡುಗಳನ್ನು ಅವಲಂಬಿಸಿರುವುದರಿಂದ ಎರಡನ್ನೂ ಪೂರ್ಣ ಬೇರ್ಪಡಿಸಲೂ ಆಗದು. ಕಣಗಳ ಪ್ರಮಾಣ ಕಡಿಮೆಯಿದ್ದಲ್ಲಿ, ಟಂಗ್‌ಸ್ಟನ್ ಕಾರ್ಬೈಡ್ ಟೂಲ್ ಇದ್ದಲ್ಲಿ ನನ್ನ ಆಕ್ಷೇಪ ದುರ್ಬಲ.

ಇನ್ನು ಮೂರನೆಯ ಸೆಟ್ಟಿಂಗ್ ಆದ ಒತ್ತುಬಲಕ್ಕೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಕುಮಾರ್ ಮತ್ತು ಸತೀಶ್ ವಿ. ಕೈಲಾಸ್ 2008ರ ಲೇಖನದಲ್ಲಿ ಶೋಲ್ಡರಿಗೂ ತಟ್ಟೆಗೂ ನಡುವಿನ ಒತ್ತನ್ನು ಒಂದೇ ಬೆಸುಗೆಯ ಉದ್ದಕ್ಕೆ ಹೆಚ್ಚಿಸುತ್ತ ಹೋಗಿ, ಪಿನ್ ಹರಿಸುವ ಲೋಹ ಮತ್ತು ಶೋಲ್ಡರ್ ಹರಿಸುವ ಲೋಹ ಕೂಡಿದಾಗಲೇ ದೋಷ ಮುಚ್ಚಿಕೊಳ್ಳುತ್ತದೆಂದು ತೋರಿಸಿದರು. ಸೊಗಸಾದ ಪ್ರಯೋಗ. ಅವರದು ಗಡಸು ಕಣಗಳಿಲ್ಲದ ಮಿಶ್ರಲೋಹವಾದ್ದರಿಂದ ಸವೆತ ಅಡ್ಡಬರಲಿಲ್ಲ. ಕಾಂಪೋಸಿಟಿಗೆ ಅದೇ ವಿಧಾನ ತಂದರೆ ಒತ್ತು ಏರಿದಷ್ಟೂ ಪಿನ್ ಕೂಡ ಸವೆದಿರುತ್ತದೆ. ಹೊಸ ಪಿನ್ ಹಾಕಿ ಒತ್ತನ್ನು ಇಳಿಸುತ್ತ ಮತ್ತೊಂದು ಬೆಸುಗೆ ಹಾಕಿ ಹೋಲಿಸಿದರೆ ಮಾತ್ರ ಎರಡರ ಪಾಲು ಕಾಣಲು ಸಾಧ್ಯ.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ವರ್ಕ್‌ಶಾಪುಗಳಿಗೆ ಇದು ನೇರವಾಗಿ ತಟ್ಟುವ ವಿಷಯ. ವರ್ಟಿಕಲ್ ಮಿಲ್ಲಿಂಗ್ ಮೆಷಿನ್‌ನಲ್ಲಿ ಈ ಬೆಸುಗೆ ಹಾಕುವವರು ಹಿಡಿತದಲ್ಲಿಡುವುದು ಪಿನ್ ಇಳಿದ ಆಳವನ್ನು, ಒತ್ತುಬಲವನ್ನಲ್ಲ. ತಟ್ಟೆ ಬಿಸಿಯಾಗಿ ಉಬ್ಬಿದರೆ, ಪಿನ್ ಮೊಂಡಾದರೆ, ಅದೇ ಆಳಕ್ಕೆ ಬೇರೆಯೇ ಬಲ ಬೀಳುತ್ತದೆ. ಅಂಥಲ್ಲಿ ಬಲ ಅಳೆಯುವ ಸಾಧನವಿಲ್ಲದಿದ್ದರೂ ಸರದಿಯನ್ನು ಚೀಟಿ ಎತ್ತಿ ಕಲಸಬಹುದು, ಪ್ರತಿ ಬೆಸುಗೆಯ ನಂತರ ಟೂಲ್ ತೂಗಿ ಬರೆದಿಡಬಹುದು. ಇದಕ್ಕೆ ಹೆಚ್ಚು ಖರ್ಚಿಲ್ಲ.

ಸ್ಥಿರ ಆಕಾರಕ್ಕೆ ಬಂದ ಪಿನ್ನಿನಿಂದಲೇ ಒಂಬತ್ತೂ ಬೆಸುಗೆ ಹಾಕಿದರೆ ಸುತ್ತುವೇಗ ತನ್ನ ಮೊದಲ ಸ್ಥಾನ ಉಳಿಸಿಕೊಳ್ಳುವುದೇ ಎಂಬುದನ್ನು ಪ್ರಯೋಗವೇ ತೀರ್ಮಾನಿಸಬೇಕು. ಮರೆ ಅಳಿಸಿದ ಪಿನ್ ಲೋಹವನ್ನು ಕೆಳಗಿಳಿಸುವುದು ಕಡಿಮೆಯಾದ್ದರಿಂದ, ಬೆಸುಗೆಯ ತಳದಲ್ಲಿ ಕಣಗಳ ಹಂಚಿಕೆ ಹೇಗಿರುತ್ತದೆಂಬುದನ್ನೂ ಆ ಪ್ರಯೋಗದಲ್ಲೇ ಕತ್ತರಿಸಿ ನೋಡಬೇಕಾಗುತ್ತದೆ.